ಕುಟುಕುವವರ ಜ್ಯೇಷ್ಠತಾ ಪಟ್ಟಿ

ಬಳ್ಳಾರಿ ಸೀಮೆಯಲ್ಲಿ ಮನುಷ್ಯರನ್ನು ಹೆದರಿಸುವ ಸಣ್ಣ ಜೀವಿಗಳಿಗೆ ಸರ್ಕಾರಿ ಕಚೇರಿಯಂತೆ ಒಂದು ಜ್ಯೇಷ್ಠತಾ ಪಟ್ಟಿ ಇದೆ. ಯಾರೂ ಬರೆದಿಟ್ಟದ್ದಲ್ಲ. ಆದರೂ ಯಾವುದನ್ನು ಕಂಡರೆ ಮಂಚ ಹತ್ತಬೇಕು, ಯಾವುದಕ್ಕೆ ಪೊರಕೆ ಸಾಕು, ಯಾವುದು ಕಚ್ಚಿದರೆ ಕೆರೆದುಕೊಂಡು ಸುಮ್ಮನಿರಬೇಕು ಎಂಬುದು ಮನೆಮಂದಿಗೆಲ್ಲ ಗೊತ್ತು. ಕಾಲು ಎಷ್ಟು, ಮೈಮೇಲೆ ಕೂದಲು ಎಷ್ಟು, ಓಟ ಎಷ್ಟು ಜೋರು ಎಂಬುದನ್ನು ನೋಡಿ ಬಡ್ತಿ ಕೊಡಲಾಗುತ್ತದೆ. ವಿಷದ ಅರ್ಹತೆಯನ್ನು ಯಾರೂ ಕೇಳುವುದಿಲ್ಲ.

ಮೊದಲ ಸ್ಥಾನ ಗೋಡೆಯ ಮೇಲಿನ ದೊಡ್ಡ ಜೇಡಕ್ಕೆ. ಪ್ರಾಣಿಶಾಸ್ತ್ರ ಇದನ್ನು ಹೆಟೆರೊಪೋಡ ವೆನಟೋರಿಯ ಎನ್ನುತ್ತದೆ. ಕಾಲು ಚಾಚಿದರೆ ಅಂಗೈಯಗಲ. ಇದು ಬಲೆ ನೇಯುವುದಿಲ್ಲ, ರಾತ್ರಿ ಗೋಡೆ ಮೇಲೆ ಅಡ್ಡಾಡಿ ಜಿರಳೆ ಹಿಡಿಯುತ್ತದೆ. ಮೈ ಚಪ್ಪಟೆಯಾದ್ದರಿಂದ ಹಗಲೆಲ್ಲ ಕ್ಯಾಲೆಂಡರಿನ ಹಿಂದೆಯೋ ದೇವರ ಪಟದ ಹಿಂದೆಯೋ ಆರಾಮಾಗಿ ಕಳೆಯುತ್ತದೆ. ನಡುರಾತ್ರಿ ಬಚ್ಚಲಿನ ದೀಪ ಹಾಕಿದಾಗ ಜೇಡ ಕದಲದೆ ನಿಲ್ಲುತ್ತದೆ, ದೀಪ ಹಾಕಿದವರೂ ಹಾಗೆಯೇ ನಿಲ್ಲುತ್ತಾರೆ. ಮೊದಲು ಓಡುವುದು ಸಾಮಾನ್ಯವಾಗಿ ಎರಡು ಕಾಲಿನದು. ಕೈಯಲ್ಲಿ ಹಿಡಿದು ಒತ್ತಿದರೆ ಜೇಡ ಕಚ್ಚೀತು, ನೋವೂ ಆದೀತು, ಪ್ರಾಣಭಯವಿಲ್ಲ. ಇದನ್ನು ಪೊರಕೆಯಿಂದ ಕೊಂದ ಮನೆಯವರು ಮರುದಿನ ಜಿರಳೆ ಔಷಧಿ ತರಲು ಅಂಗಡಿಗೆ ಹೋಗುವುದೂ ಉಂಟು.

ಜೇಡಕ್ಕೂ ಒಬ್ಬ ವೈರಿ ಇದ್ದಾನೆ. ಕಿಟಕಿಯ ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ಮಗ್ಗುಲಲ್ಲಿ ಹಸಿಮಣ್ಣು ತಂದು ಗೂಡು ಕಟ್ಟುವ ಕುಂಬಾರ ಹುಳ ಜೇಡಗಳನ್ನು ಚುಚ್ಚಿ ಮರಗಟ್ಟಿಸಿ, ಗೂಡಿನೊಳಗೆ ಜೀವಂತ ತುಂಬಿ, ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ. ಮರಿ ಅವನ್ನು ತಿಂದು ಬೆಳೆದು ಹೊರಬರುತ್ತದೆ. ಒಳಗೆ ಹೋದ ಹುಳ ಭ್ರಮರವನ್ನೇ ಧ್ಯಾನಿಸಿ ಭ್ರಮರವಾಯಿತು ಎಂದು ಹಿಂದಿನವರು ಕೀಟ–ಭ್ರಮರ ನ್ಯಾಯ ಹೇಳಿದ್ದು ಇಂಥ ಗೂಡುಗಳನ್ನು ನೋಡಿಯೇ. ಒಳಗಿದ್ದ ಹುಳದ ಅಭಿಪ್ರಾಯ ಬೇರೆ ಇದ್ದಿರಬಹುದು.

ಎರಡನೆಯ ಸ್ಥಾನದ ಚೇಳಿನ ವಿಷಯದಲ್ಲಿ ಪಟ್ಟಿ ಅರ್ಧ ಸರಿ. ಈ ಸೀಮೆಯಲ್ಲಿ ಬಂಡೆಗಲ್ಲಿಗೆ ಬರವಿಲ್ಲ, ಬಿಸಿಲಿಗೆ ಮೊದಲೇ ಇಲ್ಲ. ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟಿದಾಗ ಚೇಳು ಕಲ್ಲಿನ ಸಂದಿ, ಕುಳ್ಳಿನ ರಾಶಿ, ಕಟ್ಟಿಗೆ ಒಟ್ಟಿದ ಮೂಲೆ ಹುಡುಕುತ್ತದೆ. ಮನುಷ್ಯ ಸೆಕೆ ತಾಳದೆ ಹಾಸಿಗೆ ಎತ್ತಿಕೊಂಡು ಮಾಳಿಗೆಗೆ ಹೋಗುತ್ತಾನೆ. ಇಬ್ಬರ ಭೇಟಿ ಬೂಟಿನೊಳಗೆ, ಇಲ್ಲವೇ ಗೂಟಕ್ಕೆ ನೇತುಹಾಕಿದ ಪ್ಯಾಂಟಿನ ಕಾಲಲ್ಲಿ. ಬಳ್ಳಾರಿ ಜೀನ್ಸ್ ಹೊಲಿಗೆಗೆ ಹೆಸರಾದ ಊರು. ಆ ದಪ್ಪ ಬಟ್ಟೆಯನ್ನು ಚೇಳಿನ ಕೊಂಡಿ ಹೊರಗಿನಿಂದ ದಾಟುವುದು ಕಷ್ಟ, ಆದರೆ ಒಳಗೇ ಕುಳಿತ ಚೇಳಿಗೆ ಆ ತೊಂದರೆಯಿಲ್ಲ. "ಜಾಡಿಸಿ ಹಾಕ್ಕೊಳಪ್ಪಾ" ಎಂದು ಮನೆಯ ಹಿರಿಯರು ಬೆಳಗಾದರೆ ಹೇಳುವ ಮಾತಿಗೆ ಇಷ್ಟು ಅರ್ಥವಿದೆ.

ಜನ ಹೆಚ್ಚು ಹೆದರುವುದು ಗೇಣುದ್ದದ ಕರಿ ಚೇಳಿಗೆ. ಅದರ ಇಕ್ಕಳ ದಪ್ಪ, ಬಾಲ ತೆಳು. ಬಲವೆಲ್ಲ ಇಕ್ಕಳದಲ್ಲಿ, ವಿಷ ಅಷ್ಟಕ್ಕಷ್ಟೆ. ನಿಜವಾದ ಯಮ ಬೆರಳುದ್ದದ ಕೆಂಚು ಬಣ್ಣದ್ದು: ಇಕ್ಕಳ ಕಡ್ಡಿಯಷ್ಟು, ಬಾಲ ದಪ್ಪ. ಇದರ ವಿಷ ನರಗಳನ್ನು ಕೆರಳಿಸಿ ಬೆವರು ಸುರಿಸುತ್ತದೆ, ಕೈಕಾಲು ತಣ್ಣಗಾಗುತ್ತವೆ, ಹೃದಯ ಕಂಗೆಡುತ್ತದೆ. ಮಕ್ಕಳಿಗೆ ಇದು ಪ್ರಾಣಾಂತಿಕ. ಮಹಾರಾಷ್ಟ್ರದ ಮಹಾಡ್ ಪಟ್ಟಣದ ವೈದ್ಯ ಹಿಮ್ಮತರಾವ್ ಬಾವಸ್ಕರ್, ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಮಾತ್ರೆಯನ್ನು 1980ರ ದಶಕದಲ್ಲಿ ಇದಕ್ಕೆ ಬಳಸಿ ಸಾವುಗಳನ್ನು ಬಹಳ ಇಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಮಾತ್ರೆಗೂ ಮೊದಲಿನಿಂದ ಹಳ್ಳಿಗಳಲ್ಲಿ ಮಂತ್ರ ಹಾಕಿ ಚೇಳು ಇಳಿಸುವವರು ಇದ್ದಾರೆ. ಹೆಚ್ಚಿನ ಚೇಳುಗಳ ಉರಿ ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುವುದರಿಂದ ಅವರ ಹೆಸರು ಕೆಟ್ಟಿಲ್ಲ. ಕೆಂಚು ಚೇಳಿನ ಎದುರು ಮಾತ್ರ ಮಂತ್ರಕ್ಕೆ ಕಾಯದೆ ಆಸ್ಪತ್ರೆಗೆ ಓಡಬೇಕು.

ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ಈ ಹೆದರಿಕೆಗೆ ವರ್ಷಕ್ಕೊಂದು ದಿನ ರಜೆ. ನಾಗರ ಪಂಚಮಿಯಂದು ಕೊಂಡಮ್ಮಾಯಿ ಬೆಟ್ಟದ ಮೇಲೆ ಜನ ಕಲ್ಲು ಮಗುಚಿ ಚೇಳು ಹಿಡಿದು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಅಂದು ಅವು ಕುಟುಕುವುದಿಲ್ಲ ಎಂಬುದು ನಂಬಿಕೆ. ಇನ್ನೊಂದು ಸಂಗತಿಗೆ ನಂಬಿಕೆ ಬೇಕಿಲ್ಲ: ನೇರಳಾತೀತ ಬೆಳಕಿನಲ್ಲಿ ಚೇಳು ಹಸಿರು ನೀಲಿಯಾಗಿ ಹೊಳೆಯುತ್ತದೆ. ಅಂಗಡಿಯಲ್ಲಿ ಖೋಟಾ ನೋಟು ನೋಡುವ ದೀಪವನ್ನು ರಾತ್ರಿ ಹಿತ್ತಿಲಿಗೆ ಹಿಡಿದರೆ, ಇಷ್ಟು ದಿನ ಯಾರ ನೆರೆಯಲ್ಲಿ ಮಲಗಿದ್ದೆವು ಎಂಬುದು ತಿಳಿಯುತ್ತದೆ. ತಿಳಿಯದಿದ್ದರೆ ನಿದ್ದೆಗೆ ಒಳ್ಳೆಯದು.

ಸಿರುಗುಪ್ಪದ ಕಡೆ ಹೊರಳಿದರೆ ದೃಶ್ಯ ಬದಲಾಗುತ್ತದೆ. ತುಂಗಭದ್ರೆಯ ನೀರಿನ ಭತ್ತದ ಗದ್ದೆಗಳಲ್ಲಿ ಜೇಡಗಳದೇ ದರ್ಬಾರು. ಪೈರಿನ ಬುಡದಲ್ಲಿ ಓಡಾಡುವ ತೋಳ ಜೇಡ ಭತ್ತದ ರಸ ಹೀರುವ ಕಂದು ಜಿಗಿಹುಳುವನ್ನು ಹಿಡಿದು ತಿನ್ನುತ್ತದೆ. ಔಷಧಿ ಹೊಡೆದಷ್ಟೂ ಜೇಡ ಸತ್ತು ಜಿಗಿಹುಳು ಹೆಚ್ಚುವುದನ್ನು ಕಂಡ ಇಂಡೋನೇಷ್ಯಾ ಸರ್ಕಾರ 1986ರಲ್ಲಿ 57 ಕೀಟನಾಶಕಗಳನ್ನು ಭತ್ತಕ್ಕೆ ನಿಷೇಧಿಸಿತು. ಮನೆಯ ಜೇಡಕ್ಕೆ ಮಂಚ ಹತ್ತುವ ರೈತನೂ ಗದ್ದೆಯ ಜೇಡಗಳ ನಡುವೆ ಬರಿಗಾಲಲ್ಲಿ ನಡೆಯುತ್ತಾನೆ.

ಇಷ್ಟು ದುಡಿದೂ ಜೇಡಕ್ಕೆ ಅಪವಾದ ತಪ್ಪಿಲ್ಲ. ಬೆಳಗ್ಗೆ ಎದ್ದಾಗ ಕುತ್ತಿಗೆಯಲ್ಲಿ ಬರೆ ಎಳೆದಂತೆ ಕೆಂಪಾಗಿ ಉರಿಯುತ್ತಿದ್ದರೆ "ಜೇಡ ಉಚ್ಚೆ ಹೊಯ್ದೈತಿ" ಎಂದು ತೀರ್ಪಾಗುತ್ತದೆ. ಬಹಳ ಸಲ ನಿಜವಾದ ಆರೋಪಿ ಪೆಡೆರಸ್ ಎಂಬ ಜೀರುಂಡೆ ಜಾತಿಯ ಹುಳ: ಒಂದು ಸೆಂಟಿಮೀಟರಿಗಿಂತ ಚಿಕ್ಕದು, ದೊಡ್ಡ ಇರುವೆಯನ್ನು ಹೋಲುವ ಕಿತ್ತಳೆ ಕಪ್ಪು ಮೈ. ಗದ್ದೆಯಲ್ಲಿ ಇದೂ ರೈತನ ಪಕ್ಷದ್ದೇ. ರಾತ್ರಿ ದೀಪಕ್ಕೆ ಮನೆಯೊಳಗೆ ಬರುತ್ತದೆ, ಕಚ್ಚುವುದಿಲ್ಲ, ಕುಟುಕುವುದಿಲ್ಲ. ಮೈಮೇಲೆ ಹರಿದಾಗ ನಿದ್ದೆಗಣ್ಣಲ್ಲಿ ಉಜ್ಜಿದರೆ ಅದರ ರಸದಲ್ಲಿನ ಪೆಡೆರಿನ್ ಚರ್ಮವನ್ನು ಸುಡುತ್ತದೆ. ಗಾಯ ಕಾಣಲು ಒಂದು ದಿನ ಬೇಕು. ಅಷ್ಟರಲ್ಲಿ ಆರೋಪಿ ಗುಡಿಸಿಹೋಗಿರುತ್ತದೆ, ಜೇಡ ಗೋಡೆ ಮೇಲೇ ಇರುತ್ತದೆ. ಹುಳವನ್ನು ಊದಿ ಹಾರಿಸಬೇಕು, ತಾಗಿದ ಜಾಗ ಸೋಪಿನಿಂದ ತೊಳೆಯಬೇಕು, ಆ ಕೈಯಿಂದ ಕಣ್ಣು ಉಜ್ಜಬಾರದು.

ಪಟ್ಟಿಯಲ್ಲಿ ಮುಂದಿನದಾದ ಹೆಜ್ಜೇನಿಗೆ ಬಂಡೆಯ ಚಾಚು, ನೀರಿನ ಟ್ಯಾಂಕಿನ ಅಡಿ, ಎತ್ತರದ ಕಟ್ಟಡಗಳ ಸಜ್ಜೆ ಬೇಕು. ಬಳ್ಳಾರಿಯ ಕೋಟೆ ಗುಡ್ಡದಿಂದ ಕುರುಗೋಡಿನ ಕಲ್ಲುಗುಡ್ಡಗಳವರೆಗೆ ಅಂಥ ಜಾಗಕ್ಕೆ ಕೊರತೆಯಿಲ್ಲ. ತಾನಾಗಿ ಅದು ಜಗಳಕ್ಕೆ ಬರುವುದಿಲ್ಲ. ಹೊಗೆಯೋ, ಹುಡುಗನೊಬ್ಬನ ಕಲ್ಲೋ ಕರೆಯಬೇಕು. ಕೊಂಡಿಗೆ ಮುಳ್ಳಿರುವುದರಿಂದ ಚುಚ್ಚಿದ ಹುಳ ಅದನ್ನು ಅಲ್ಲೇ ಬಿಟ್ಟು ಸಾಯುತ್ತದೆ. ಜೊತೆಗೆ ಹೊರಡುವ ಬಾಳೆಹಣ್ಣಿನಂಥ ವಾಸನೆ ಉಳಿದವನ್ನು ಅದೇ ಜಾಗಕ್ಕೆ ಕರೆಯುತ್ತದೆ. ವಾಸನೆ ಖಚಿತಪಡಿಸಿಕೊಳ್ಳಲು ಯಾರೂ ನಿಲ್ಲುವುದಿಲ್ಲ. ಕೈ ಬೀಸದೆ ಬಾಗಿಲಿರುವ ಕೋಣೆಗೋ ವಾಹನಕ್ಕೋ ಓಡಿ, ಕೊಂಡಿಗಳನ್ನು ಬೇಗ ಕೆರೆದು ತೆಗೆಯಬೇಕು. ನೀರಿಗೆ ಹಾರಿದವರು ಉಸಿರಿಗೆ ಮೇಲೆ ಬಂದಾಗ ಅವು ಅಲ್ಲೇ ಕಾದಿರುತ್ತವೆ.

ಜರಿ, ಕೆಂಜಿರುವೆ, ಕಡಜ, ತಗಣಿಗಳಿಗೆ ಪಟ್ಟಿಯಲ್ಲಿ ಮಧ್ಯಮ ದರ್ಜೆ. ನೋವು, ಬಾವು, ತುರಿಕೆ, ಅಷ್ಟೇ. ಕಡಜ ಕಚ್ಚಿ ಉಸಿರು ಕಟ್ಟಿದರೆ ಮಾತ್ರ ತಡಮಾಡಬಾರದು.

ಕೊನೆಯ ಸ್ಥಾನ ಸೊಳ್ಳೆಗೆ. ಸೊಳ್ಳೆ ಕಂಡು ಮಂಚ ಹತ್ತಿದವರಿಲ್ಲ, ಆದರೆ ಮೇಲಿನವರೆಲ್ಲ ಸೇರಿದರೂ ಮನುಷ್ಯರನ್ನು ಕೊಲ್ಲುವುದರಲ್ಲಿ ಅದಕ್ಕೆ ಸಮವಿಲ್ಲ. ಭತ್ತದ ಗದ್ದೆಯ ನಿಂತ ನೀರಿನ ಕ್ಯುಲೆಕ್ಸ್ ಮಿದುಳು ಜ್ವರ ತರುತ್ತದೆ. ನಗರದ ಡ್ರಮ್ಮಿನ ಈಡಿಸ್ ಹಗಲಲ್ಲೇ ಕಚ್ಚಿ ಡೆಂಗಿ ತರುತ್ತದೆ. ನಳದ ನೀರು ದಿನಗಟ್ಟಲೆ ಬಿಟ್ಟು ಬರುವ ಊರಿನಲ್ಲಿ ಡ್ರಮ್ಮಿಲ್ಲದ ಮನೆಯಿಲ್ಲ. ಆಶಾ ಕಾರ್ಯಕರ್ತೆ ಟಾರ್ಚ್ ಬಿಟ್ಟು ಹುಳ ತೋರಿಸಿ "ಈ ನೀರು ಚೆಲ್ಲಿಬಿಡ್ರಿ ಅಮ್ಮಾ" ಎಂದರೆ, "ಚೆಲ್ಲಿದ್ರ ನಾಳಿಗೆ ಏನ್ ಮಾಡ್ಲವ್ವಾ?" ಎಂಬ ಉತ್ತರಕ್ಕೆ ಆಕೆಯ ಪುಸ್ತಕದಲ್ಲಿ ಜಾಗವಿಲ್ಲ. ಮೊಟ್ಟೆ ಸೊಳ್ಳೆಯಾಗಲು ವಾರ–ಹತ್ತು ದಿನ ಸಾಕು. ಮುಂದಿನ ಸರದಿಯ ನೀರು ಬರುವ ಹೊತ್ತಿಗೆ ಅದೂ ತಯಾರು. ಹಳೆ ಸೀರೆ ಮಡಿಸಿ ಡ್ರಮ್ಮಿನ ಬಾಯಿಗೆ ಬಿಗಿದು ಕಟ್ಟುವುದಕ್ಕೆ ಕಾರ್ಯಕರ್ತೆ, ಮನೆಯಾಕೆ ಇಬ್ಬರದೂ ಒಪ್ಪಿಗೆಯಿದೆ. ಮೊಟ್ಟೆಗಳು ಒಳಗೋಡೆಗೆ ಅಂಟಿಕೊಂಡು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುವುದರಿಂದ, ಖಾಲಿಯಾದ ಡ್ರಮ್ಮನ್ನು ತಿಕ್ಕಿ ತೊಳೆದೇ ಮತ್ತೆ ತುಂಬಬೇಕು.