ಬೆನ್ನ ಹಿಂದಿನ ಮಾತು

ಕತ್ತೆಯ ಬೆನ್ನ ಮೇಲೆ 50 ಕಿಲೋಗಿಂತ ಹೆಚ್ಚು ಹೇರಬಾರದೆಂದು ಭಾರತ ಸರ್ಕಾರ 1965ರಲ್ಲೇ ನಿಯಮ ಮಾಡಿದೆ. ಹೇಸರಗತ್ತೆಗೆ 200, ಒಂಟೆಗೆ 250. ಅಷ್ಟೇ ಅಲ್ಲ, ಹೊರೆ ಹೊರುವ ಪ್ರಾಣಿಯನ್ನು ದಿನಕ್ಕೆ 9 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಡುವು ಕೊಡದೆ 5 ಗಂಟೆ ಮೀರುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕೆಲಸವೇ ಇಲ್ಲ. ನಮ್ಮ ರಾಜ್ಯದಲ್ಲಿ ಶಾಲೆಯ ಮಕ್ಕಳ ಬ್ಯಾಗು ಇಂತಿಷ್ಟೇ ಕಿಲೋ ಇರಬೇಕೆಂದು ತರಗತಿವಾರು ಆದೇಶ ಬಂದದ್ದು 2019ರ ಮೇ ತಿಂಗಳಲ್ಲಿ. ನಡುವೆ 54 ವರ್ಷ. ಕತ್ತೆಗಳ ಸಂಘಟನೆ ಆ ಕಾಲಕ್ಕೇ ಬಲವಾಗಿತ್ತು ಅಂತ ಕಾಣುತ್ತದೆ.

ಕತ್ತೆಯ ಈ ನಿಯಮವನ್ನು ನಮ್ಮ ಪುಟ್ಟನಿಗೆ ಓದಿ ಹೇಳಿದೆ. ಅವನು ನನ್ನ ತಮ್ಮನ ಮಗ, ಆರನೇ ಕ್ಲಾಸು. ಸಖರಾಯಪಟ್ಟಣದಿಂದ ಕಡೂರಿಗೆ ಸ್ಕೂಲ್ ವ್ಯಾನಿನಲ್ಲಿ ಹೋಗಿಬರುತ್ತಾನೆ. ಎಲ್ಲ ಕೇಳಿಸಿಕೊಂಡು ಬೆರಳು ಮಡಚಿ ಲೆಕ್ಕ ಹಾಕಿದ. ‘ಟ್ಯೂಷನ್ ಸೇರಿಸಿದ್ರೆ ನಂದು ಹನ್ನೊಂದು ಗಂಟೆ ಆಗುತ್ತೆ ಅತ್ತೆ. ಕತ್ತೆಗೆ ಹೋಮ್‌ವರ್ಕ್ ಇರುತ್ತಾ?’

ಬ್ಯಾಗಿನ ವಿಷಯ ಮಾತಾಡಲು ನನಗೆ ಸ್ವಲ್ಪ ಅಧಿಕಾರವಿದೆ. ಬಸ್ ನಿಲ್ಲುವ ಜಾಗಕ್ಕೆ ಹತ್ತಿರದಲ್ಲೇ ನನ್ನ ಹೊಲಿಗೆ ಅಂಗಡಿ. ರವಿಕೆ, ಲಂಗ, ಸೀರೆಗೆ ಫಾಲ್ ಅಂತ ಬೋರ್ಡಿನಲ್ಲಿ ಬರೆಸಿದ್ದೇನೆ. ಆದರೆ ಜೂನ್ ತಿಂಗಳು ಕಳೆಯಿತೆಂದರೆ ನನ್ನ ಮಿಷಿನ್ನಿನ ಮುಂದೆ ಸಾಲುಗಟ್ಟುವುದು ಸ್ಕೂಲ್ ಬ್ಯಾಗುಗಳು. ‘ಅಕ್ಕಾ, ಪಟ್ಟಿ ಕಿತ್ತೋಗಿದೆ, ಬೆಳಿಗ್ಗೆಗೇ ಬೇಕು.’ ಮದುವೆಯ ರವಿಕೆಯನ್ನಾದರೂ ಎರಡು ದಿನ ತಳ್ಳಬಹುದು, ಬ್ಯಾಗನ್ನು ತಳ್ಳುವಂತಿಲ್ಲ. ತಾಯಂದಿರು ಎದುರಿಗೇ ನಿಂತಿರುತ್ತಾರೆ.

ಪಟ್ಟಿ ಕೀಳುವುದಕ್ಕೆ ಒಂದು ಶಾಸ್ತ್ರವೇ ಇದೆ. ಪಟ್ಟಿಯ ನಡುಭಾಗ ಎಂದೂ ಹರಿಯುವುದಿಲ್ಲ. ಬ್ಯಾಗಿನ ನೆತ್ತಿಗೆ ಅದು ಕೂಡುವ ಕಡೆ, ಹೊಲಿಗೆ ಬಿಚ್ಚಿ, ಬಟ್ಟೆಯ ಸಮೇತ ಕಿತ್ತು ಬರುತ್ತದೆ. ಅದೂ ಹೆಚ್ಚಾಗಿ ಒಂದೇ ಕಡೆಯದು. ಇನ್ನೊಂದು ಪಟ್ಟಿ ಅಂಗಡಿಯಿಂದ ತಂದ ದಿನದ ಹೊಳಪಿನಲ್ಲೇ ಇರುತ್ತದೆ, ಸ್ಪಂಜು ಕೂಡ ಚಪ್ಪಟೆಯಾಗಿರುವುದಿಲ್ಲ. ಅಂದರೆ ಮಗು ಎರಡೂ ಹೆಗಲಿಗೆ ಹಾಕುವ ಬ್ಯಾಗನ್ನು ಒಂದೇ ಹೆಗಲಿಗೆ ನೇತುಹಾಕಿಕೊಂಡು ಓಡಾಡಿದೆ ಅಂತ. ಯಾವ ಮಗುವಿನ ಯಾವ ಹೆಗಲು ಇಳಿದಿದೆ ಎಂದು ಮಗುವನ್ನು ನೋಡದೆಯೇ ನಾನು ಹೇಳಬಲ್ಲೆ. ದಪ್ಪ ಸೂಜಿ ಹಾಕಿ, ನೈಲಾನ್ ದಾರ ಏರಿಸಿ, ಒಳಗಡೆ ಹಳೆಯ ಜೀನ್ಸಿನ ತುಂಡೊಂದನ್ನು ಒತ್ತಾಗಿ ಇಟ್ಟು, ಚೌಕ ಹೊಲಿದು, ಚೌಕದೊಳಗೆ ಮೂಲೆಯಿಂದ ಮೂಲೆಗೆ ಅಡ್ಡಗೆರೆ ಹೊಲಿದರೆ ಆ ವರ್ಷಕ್ಕೆ ಚಿಂತೆಯಿಲ್ಲ. ಮುಂದೆ ಕೀಳುವುದೇನಿದ್ದರೂ ಮಗುವಿನ ಹೆಗಲು.

ಪುಟ್ಟನ ಬ್ಯಾಗು ರಿಪೇರಿಗೆ ಬಂದ ಸಂಜೆ ಅದನ್ನು ಎತ್ತಿ ಮಿಷಿನ್ನಿನ ಮೇಲಿಡಲು ಹೋದೆ. ನನ್ನ ಸೊಂಟ ‘ಕಳಕ್’ ಅಂದಿತು. ಸಿಟ್ಟಿನಲ್ಲಿ ಬ್ಯಾಗನ್ನೂ ಬ್ಯಾಗಿನ ಯಜಮಾನನನ್ನೂ ಪಕ್ಕದ ಕೊಬ್ಬರಿ ಮಂಡಿಗೆ ಕರೆದೊಯ್ದೆ. ಕಡೂರು ಸೀಮೆಯಲ್ಲಿ ತೆಂಗು ಹೇಗೋ ತೂಕದ ಕಾಟಾನೂ ಹಾಗೆ, ನಾಲ್ಕು ಹೆಜ್ಜೆಗೊಂದು ಸಿಗುತ್ತದೆ. ಸಾಹುಕಾರರು ಕನ್ನಡಕ ಏರಿಸಿ, ‘ಏನಮ್ಮಾ ಇದು, ಉಂಡೆ ಕೊಬ್ಬರಿನಾ?’ ಅಂದರು. ಕಾಟಾ 6 ಕಿಲೋ 400 ಗ್ರಾಂ ತೋರಿಸಿತು. ಪುಟ್ಟನನ್ನೇ ಹತ್ತಿಸಿದೆವು. 27 ಕಿಲೋ.

ಆದೇಶದ ಪ್ರಕಾರ ಒಂದು, ಎರಡನೇ ತರಗತಿಗೆ ಒಂದೂವರೆಯಿಂದ 2 ಕಿಲೋ. ಮೂರರಿಂದ ಐದಕ್ಕೆ 2ರಿಂದ 3. ಆರರಿಂದ ಎಂಟಕ್ಕೆ 3ರಿಂದ 4. ಒಂಬತ್ತು, ಹತ್ತಕ್ಕೆ 4ರಿಂದ 5. ಇದರ ಜೊತೆಗೆ ಮಗುವಿನ ತೂಕದ ಶೇಕಡಾ 10ನ್ನು ಬ್ಯಾಗು ಮೀರಬಾರದು ಎಂಬ ಮಾತೂ ಇದೆ. ಆ ಲೆಕ್ಕದಲ್ಲಿ ಪುಟ್ಟನಿಗೆ 2 ಕಿಲೋ 700 ಗ್ರಾಂ. ಮಂಡಿಯಲ್ಲೇ ಬ್ಯಾಗು ಬಿಚ್ಚಿ ಒಂದೊಂದನ್ನೂ ತೂಗಿದೆವು. ಖಾಲಿ ಬ್ಯಾಗೇ 900 ಗ್ರಾಂ. ನೀರು ತುಂಬಿದ ಸ್ಟೀಲ್ ಬಾಟಲಿ 1 ಕಿಲೋ 300. ಊಟದ ಡಬ್ಬಿ, ತಿಂಡಿ ಡಬ್ಬಿ ಸೇರಿ 700. ಸಾಹುಕಾರರು ಕ್ಯಾಲ್ಕುಲೇಟರ್ ಒತ್ತಿ, ‘ಅಲ್ಲಿಗೆ 2 ಕಿಲೋ 900 ಆಯ್ತಲ್ಲಮ್ಮ, ಪುಸ್ತಕ ಎಲ್ಲಿಡ್ತೀರಿ?’ ಅಂದರು. ಸರ್ಕಾರದ ಮಾತು ಕೇಳಿದರೆ ಪುಟ್ಟ ಊಟ ಮಾಡಿ ನೀರು ಕುಡಿದು ಬರಬಹುದು. ವಿದ್ಯೆಗೆ ಜಾಗವಿಲ್ಲ.

ಉಳಿದ ಮೂರೂವರೆ ಕಿಲೋದ ಕಥೆಯೇ ಬೇರೆ. ಪಠ್ಯಪುಸ್ತಕಗಳನ್ನು ಸರ್ಕಾರ ಭಾಗ ಒಂದು, ಭಾಗ ಎರಡು ಎಂದು ಸೀಳಿಕೊಟ್ಟಿರುವುದೇ ಹೊರೆ ಇಳಿಯಲಿ ಅಂತ. ಪುಟ್ಟನ ಬ್ಯಾಗಿನಲ್ಲಿ ಎರಡೂ ಭಾಗಗಳು ಮತ್ತೆ ಒಂದಾಗಿದ್ದವು. ಪ್ರತಿ ವಿಷಯಕ್ಕೂ ಕ್ಲಾಸ್‌ವರ್ಕಿಗೊಂದು, ಹೋಮ್‌ವರ್ಕಿಗೊಂದು ಉದ್ದ ನೋಟ್‌ಬುಕ್ಕು, ಎಲ್ಲಕ್ಕೂ ಬೈಂಡು, ಬೈಂಡಿನ ಮೇಲೆ ಪ್ಲಾಸ್ಟಿಕ್ಕು. ಇಂಗ್ಲಿಷ್ ಗ್ರಾಮರ್ ಎರಡು, ಒಂದು ಸ್ಕೂಲಿನದು, ಒಂದು ಟ್ಯೂಷನ್ನಿನದು. ಸಾಮಾನ್ಯ ಜ್ಞಾನ. ಹಿರಿಯರ ಭಾರ ಇಳಿಸಬೇಕೆಂದು ಹೇಳುವ ನೀತಿಪಾಠ, ಒಳ್ಳೇ ದಪ್ಪ ರಟ್ಟಿನದು. ತಳದಲ್ಲಿ ಅರ್ಧ ಸವೆದ ರಬ್ಬರುಗಳು, ಕಡಲೆಬೀಜದ ಚಿಕ್ಕಿಯ ಒಂದು ಚೂರು, ಮತ್ತು ಅಯ್ಯನಕೆರೆ ಏರಿಯಿಂದ ಆರಿಸಿ ತಂದ ಮೂರು ಕಲ್ಲು. ರುಕ್ಮಾಂಗದ ರಾಜ ಆ ಕೆರೆ ಕಟ್ಟಿಸಿದ ಎನ್ನುತ್ತಾರೆ. ಅವನು ಏರಿಗೆ ಹೊರಿಸಿದ ಕಲ್ಲನ್ನು ಪುಟ್ಟ ದಿನಾ ಕಡೂರಿಗೆ ಹೊತ್ತು, ದಿನಾ ವಾಪಸ್ ತರುತ್ತಿದ್ದ.

‘ಟೈಮ್‌ಟೇಬಲ್ ನೋಡಿಕೊಂಡು ಆ ದಿನದ್ದಷ್ಟೇ ತಗೊಂಡು ಹೋಗಬಾರದೇನೋ?’ ಅಂದೆ.

‘ಟೈಮ್‌ಟೇಬಲ್ ಇದೆ ಅತ್ತೆ. ಯಾವ ಮಿಸ್ಸು ಯಾವಾಗ ಬರ್ತಾರೆ ಅಂತ ಅದಕ್ಕೂ ಗೊತ್ತಿಲ್ಲ.’

ಈ ಪಂಚಾಯ್ತಿಯನ್ನು ಮೂಟೆಗೆ ಒರಗಿ ನೋಡುತ್ತಿದ್ದ ಮಂಡಿಯ ಹಮಾಲಿ ಅಣ್ಣ ಎದ್ದು ಬಂದ. ಪುಟ್ಟನ ಹಿಂದೆ ನಿಂತು, ಪಟ್ಟಿಗಳನ್ನು ಹಿಡಿದು ಜಗ್ಗಿ ಬಿಗಿ ಮಾಡಿದ. ಅಂಡಿನ ಮೇಲೆ ಕುಣಿಯುತ್ತಿದ್ದ ಬ್ಯಾಗು ಬೆನ್ನಿಗೆ ಏರಿ ಕೂತಿತು. ‘ನೋಡಪ್ಪಾ, ಮೂಟೆ ಬೆನ್ನಿಗಂಟಿರ್ಬೇಕು. ಕೆಳಗಿಳಿದಷ್ಟೂ ಹಿಂದಕ್ಕೆಳೀತದೆ. ಅದು ಹಿಂದಕ್ಕೆಳದ್ರೆ ನೀನು ಮುಂದಕ್ಕೆ ಬಗ್ತೀಯ. ಬಗ್ಗಿ ನೆಲ ನೋಡ್ಕೊಂಡು ಎಷ್ಟು ದೂರ ಹೋಗ್ತೀಯ? ಕತ್ತು ಎತ್ತಿ ನಡಿಬೇಕು.’ ಆಮೇಲೆ ಬ್ಯಾಗು ಬಿಚ್ಚಿಸಿ, ಉದ್ದನೆಯ ಭಾರದ ಪುಸ್ತಕಗಳನ್ನು ಬೆನ್ನ ಕಡೆಗೂ ಹಗುರವಾದದ್ದನ್ನು ಹೊರಗಡೆಗೂ ಜೋಡಿಸಿದ. ನೀರಿನ ಬಾಟಲಿ ಒಂದು ಪಕ್ಕದ ಜೇಬಿಗೆ, ಡಬ್ಬಿ ಇನ್ನೊಂದು ಪಕ್ಕಕ್ಕೆ. ನೆಲದಿಂದ ಎತ್ತುವಾಗ ಸೊಂಟ ಬಗ್ಗಿಸಬೇಡ, ಮಂಡಿ ಮಡಚಿ ಕೂತು, ಮೈಗೆ ಹತ್ತಿರ ತಂದುಕೊಂಡು ಏಳು ಅಂತ ಮೂರು ಸಲ ಮಾಡಿಸಿದ. ಕೊನೆಗೆ ನನ್ನ ಕಡೆ ತಿರುಗಿ, ‘ಅಕ್ಕಾ, ನೀವು ಎತ್ತಿದ್ದೂ ನೋಡ್ದೆ. ಸುಮ್ನಿದ್ದೆ’ ಅಂದ.

ಚಿಕ್ಕಮಗಳೂರಿನಲ್ಲಿ ಮೂಳೆ ಡಾಕ್ಟರ ಹತ್ತಿರ ಹೋದಾಗ ನನ್ನ ಸೊಂಟದ ಜೊತೆಗೆ ಇದನ್ನೂ ಕೇಳಿದೆ. ಹಮಾಲಿ ಹೇಳಿದ್ದನ್ನೇ ಅವರು ಇಂಗ್ಲಿಷ್ ಬೆರೆಸಿ ಹೇಳಿದರು. ಎರಡೂ ಪಟ್ಟಿ ಹಾಕಬೇಕು, ಪಟ್ಟಿ ಅಗಲವಿರಬೇಕು, ಬ್ಯಾಗಿನ ತಳ ಸೊಂಟದಿಂದ ಬಹಳ ಕೆಳಗೆ ಇಳಿಯಬಾರದು, ಬೆಳೆಯುವ ಮಗುವಿಗೆ ಅಂತ ದೊಡ್ಡ ಅಳತೆಯ ಬ್ಯಾಗು ತರಬಾರದು. ಒಂದು ಸಮಾಧಾನವನ್ನೂ ಹೇಳಿದರು. ಬ್ಯಾಗು ಹೊತ್ತ ಮಾತ್ರಕ್ಕೆ ಬೆನ್ನುಮೂಳೆ ಶಾಶ್ವತವಾಗಿ ಡೊಂಕಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲವಂತೆ. ಕತ್ತು, ಹೆಗಲು, ಬೆನ್ನು ನೋಯುತ್ತದೆ, ಆಯಾಸವಾಗುತ್ತದೆ, ಅಷ್ಟೆ. ಈ ‘ಅಷ್ಟೆ’ಯನ್ನು ಪುಟ್ಟನಿಗೆ ಮುಟ್ಟಿಸಲು ನನಗೆ ಬಾಯಿ ಬರಲಿಲ್ಲ.

ಇದರ ಬಗ್ಗೆ ದೊಡ್ಡವರು ಮಾತಾಡಿಲ್ಲವೆಂದಲ್ಲ. ಮೈಸೂರಿನ ಯಾದವಗಿರಿಯಲ್ಲಿ ಮನೆ ಮಾಡಿಕೊಂಡಿದ್ದ ಆರ್.ಕೆ. ನಾರಾಯಣ್ ಅವರನ್ನು 1986ರಲ್ಲಿ ರಾಜ್ಯಸಭೆಗೆ ನಾಮಕರಣ ಮಾಡಿದರು. ಅಂಥ ಸಭೆಯಲ್ಲಿ ಎಂಥೆಂಥ ವಿಷಯ ಮಾತಾಡಬಹುದಿತ್ತು! ಅವರು 1989ರ ತಮ್ಮ ಮೊದಲ ಭಾಷಣದಲ್ಲಿ ಹಿಡಿದದ್ದು ಸ್ಕೂಲ್ ಬ್ಯಾಗನ್ನು. ಮಕ್ಕಳು ಇಷ್ಟು ಭಾರ ಹೊತ್ತು ಬಗ್ಗಿ, ಕೈಗಳನ್ನು ಮುಂದಕ್ಕೆ ಜೋಲುಬಿಟ್ಟುಕೊಂಡು ಚಿಂಪಾಂಜಿಗಳ ಹಾಗೆ ನಡೆಯುತ್ತಿದ್ದಾರೆ, ಬೇಕಿದ್ದರೆ ಸುಗ್ರೀವಾಜ್ಞೆ ತಂದಾದರೂ ಬ್ಯಾಗನ್ನೇ ರದ್ದು ಮಾಡಿ ಎಂದರು. ನಮ್ಮ ಪಕ್ಕದ ಜಿಲ್ಲೆಯ ಆಗುಂಬೆಯಲ್ಲಿ ಶಂಕರ್ ನಾಗ್ ಅವರದೇ ಕಥೆಗಳ ‘ಮಾಲ್ಗುಡಿ ಡೇಸ್’ ತೆಗೆದದ್ದು ಅದಕ್ಕೆ ಸ್ವಲ್ಪ ಮುಂಚೆ. ಅದರ ಸ್ವಾಮಿ ಸೋಮವಾರ ಬಂತೆಂದರೆ ಮುಖ ಹಿಂಡುವ ಹುಡುಗ. ಆದರೂ ಅವನ ದುಃಖ ತಲೆಯೊಳಗಿನದು, ಬೆನ್ನ ಮೇಲಿನದಲ್ಲ.

ಭಾಷಣದ ಫಲವಾಗಿ, ಎಲ್ಲ ಭಾಷಣಗಳಿಗೂ ಆಗುವಂತೆ, ಒಂದು ಸಮಿತಿ ಆಯಿತು. 1992ರಲ್ಲಿ ಭೌತವಿಜ್ಞಾನಿ ಯಶ್‌ಪಾಲ್ ಅಧ್ಯಕ್ಷರಾದರು, 1993ರಲ್ಲಿ ವರದಿ ಬಂತು. ವರದಿ ತೆಳ್ಳಗಿದ್ದದ್ದು ಅದರ ದೊಡ್ಡತನ. ಬ್ಯಾಗಿನ ಭಾರಕ್ಕಿಂತ ಓದಿದ್ದು ಅರ್ಥವಾಗದಿರುವ ಭಾರವೇ ದೊಡ್ಡದು ಎಂದು ಅದು ಹೇಳಿತು. ಮಾತು ನಿಜವೇ. ಆದರೆ ವಿದ್ವಾಂಸರ ಜೊತೆ ಇದೇ ಪೇಚು. ಹೆಗಲು ನೋಯುತ್ತದೆ ಅಂತ ಹೋದರೆ ತಲೆ ಪರೀಕ್ಷೆ ಮಾಡಿ ಕಳಿಸುತ್ತಾರೆ. ಬ್ಯಾಗು ಎಲ್ಲಿತ್ತೋ ಅಲ್ಲೇ ಉಳಿಯಿತು.

ಹೊರೆ ಹೊರುವವರನ್ನು ಹೇಗೆ ನೋಡಿಕೊಳ್ಳಬೇಕೆಂದು ನಮ್ಮ ಸೀಮೆಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಅಜ್ಜಂಪುರದಲ್ಲಿ ಇಂದಿಗೂ ಅಮೃತಮಹಲ್ ದನಗಳ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಕಾಲದಲ್ಲಿ ಬೆಣ್ಣೆ ಚಾವಡಿ ಅಂತಿದ್ದದ್ದನ್ನು ಟಿಪ್ಪು ಅಮೃತಮಹಲ್ ಎಂದು ಕರೆದ. ಈ ಎತ್ತುಗಳು ಹೈದರನ ಸೈನ್ಯದ ಸಾಮಾನು ಸರಂಜಾಮು ಎಳೆದುಕೊಂಡು ಎರಡೂವರೆ ದಿನದಲ್ಲಿ ನೂರು ಮೈಲಿ ಹೋದವು ಎಂದು ಹೇಳುತ್ತಾರೆ. ಅದಕ್ಕೆ ಪ್ರತಿಯಾಗಿ ಅವುಗಳಿಗೆ ಮೇಯಲು ಕಾವಲುಗಳು, ನೋಡಿಕೊಳ್ಳಲು ಒಂದು ಇಲಾಖೆ, ಲೆಕ್ಕ ಬರೆಯಲು ಗುಮಾಸ್ತರು. ಪುಟ್ಟನಿಗೆ ಇರುವುದು ನಾನು, ನನ್ನ ದಪ್ಪ ಸೂಜಿ.

ಮನೆಯಲ್ಲಿ ಬ್ಯಾಗು ಇಳಿಸುವ ಚಳವಳಿ ಶುರುಮಾಡಿದೆ. ತಮ್ಮನ ಹೆಂಡತಿಯ ಕೋಟೆ ಮೊದಲು ಎದುರಾಯಿತು. ‘ಅತ್ತಿಗೆ, ಸ್ಕೂಲಿನ ನೀರು ಹೇಗಿರುತ್ತೋ ಏನೋ, ಬಾಟಲಿ ಮಾತ್ರ ಮುಟ್ಟಬೇಡಿ.’ ಡಬ್ಬಿಯ ಮಾತೆತ್ತಿದರೆ ‘ಮಗು ಮೊದಲೇ ಸಣ್ಣಗಿದ್ದಾನೆ’ ಅಂತ ಇನ್ನೊಂದು ಚಪಾತಿ ಸೇರಿತು. ತಮ್ಮನದು ಬೇರೆ ವಾದ. ‘ನಾವೂ ಹೊತ್ತಿಲ್ವೇನಕ್ಕಾ?’ ಅಂದ. ಇವನು ಹೊತ್ತದ್ದು ನನಗೆ ಗೊತ್ತಿಲ್ಲವೇ! ನಮ್ಮಪ್ಪನ ಹಳೇ ಪ್ಯಾಂಟಿನ ಬಟ್ಟೆಯಲ್ಲಿ ಅಮ್ಮ ಹೊಲಿದ ಒಂದು ಚೀಲ, ಅದರೊಳಗೆ ಸ್ಲೇಟು, ಬಳಪ, ಎರಡು ಪುಸ್ತಕ. ಸ್ಲೇಟನ್ನಂತೂ ಹೆಚ್ಚು ದಿನ ಹೊರಲಿಲ್ಲ, ಒಡೆದು ಹಾಕುತ್ತಿದ್ದ. ಸಂಭ್ರಮ ಶನಿವಾರದ ಮಾತೂ ತೆಗೆದೆ. ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದೆ ಶಾಲೆಗೆ ಹೋಗುವ ದಿನ ಅದು. ‘ಬ್ಯಾಗಿಲ್ಲದೆ ಹೋದ್ರೆ ವ್ಯಾನಿನವನು ಇವನನ್ನ ಗುರುತು ಹಿಡೀತಾನಾ?’ ಅಂತ ತಮ್ಮ ನಕ್ಕ. ಆದೇಶ, ಭಾಷಣ, ವರದಿ, ಕತ್ತೆಯ ನಿಯಮ ಯಾವುದನ್ನು ಮುಂದಿಟ್ಟರೂ ಅವನು ಪೇಪರಿನಿಂದ ತಲೆ ಎತ್ತಲಿಲ್ಲ.

ಕೆಲಸ ಆದದ್ದು ಹಮಾಲಿ ಅಣ್ಣನ ಇನ್ನೊಂದು ಮಾತಿನಿಂದ. ನಾನು ಪಟ್ಟಿ ಹೊಲಿಯುತ್ತಿದ್ದಾಗ ಅವನು ಪುಟ್ಟನಿಗೆ, ‘ನಮಗಾದ್ರೆ ಮೂಟೆಗಿಷ್ಟು ಅಂತ ಕೂಲಿ ಐತೆ, ಮಹಡಿ ಹತ್ತಿಸಿದ್ರೆ ಅದಕ್ಕೆ ಬೇರೆ. ನಿಂಗೆಷ್ಟಪ್ಪಾ ಕೊಡ್ತಾರೆ?’ ಅಂತ ಕೇಳಿದ್ದನಂತೆ. ಪುಟ್ಟ ಆಗ ಏನೂ ಹೇಳಲಿಲ್ಲ. ಭಾನುವಾರ ರಫ್ ನೋಟಿನ ಹಾಳೆ ಹರಿದು, ಸ್ಕೇಲಿನಿಂದ ಗೆರೆ ಎಳೆದು, ಅಪ್ಪನ ಮುಂದೆ ಒಂದು ಬಿಲ್ಲು ಇಟ್ಟ. ಮನೆಯಿಂದ ವ್ಯಾನಿನವರೆಗೆ ಕಿಲೋಗೆ ಇಂತಿಷ್ಟು. ವ್ಯಾನಿನಿಂದ ಎರಡನೇ ಮಹಡಿಗೆ ಕಿಲೋಗೆ ಇಂತಿಷ್ಟು, ಮೆಟ್ಟಿಲಿನ ಕೂಲಿ ಬೇರೆ. ವಾಪಸ್ ಬರುವಾಗ ಡಬ್ಬಿ, ಬಾಟಲಿ ಖಾಲಿ ಇರುವುದರಿಂದ ರಿಯಾಯಿತಿ. ಜೂನ್ ತಿಂಗಳಿಂದ ಬಾಕಿ. ಕೆಳಗೆ ಮಂಡಿ ಸಾಹುಕಾರರ ಕಾಟಾ ಚೀಟಿ ಪಿನ್ನು ಮಾಡಿತ್ತು.

ತಮ್ಮ ಮೊದಲು ನಕ್ಕ. ಆಮೇಲೆ ಮೊತ್ತ ನೋಡಿ ನಗು ನಿಲ್ಲಿಸಿದ. ಕೂಡಿದ್ದು ತಪ್ಪಿದೆಯೇನೋ ಎಂದು ಫೋನಿನಲ್ಲಿ ಎರಡು ಸಲ ಒತ್ತಿ ನೋಡಿದ. ಎಲ್ಲ ಸರಿಯಾಗಿತ್ತು. ಮಗನ ಗಣಿತ ಇಷ್ಟು ಚೆನ್ನಾಗಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಪೇಪರು ಮಡಚಿಟ್ಟು, ಬ್ಯಾಗು ತರಿಸಿ, ನೆಲದ ಮೇಲೆ ಸುರಿದ. ಪಠ್ಯದ ಎರಡನೇ ಭಾಗಗಳೆಲ್ಲ ಬೀರುವಿಗೆ ಹೋದವು. ಟ್ಯೂಷನ್ನಿನ ಗ್ರಾಮರು ಟ್ಯೂಷನ್ನಿನ ಮನೆಯಲ್ಲೇ ಇರಲಿ ಅಂತ ಫೋನು ಮಾಡಿಯೇ ಬಿಟ್ಟ. ಸ್ಕೂಲಿಗೂ ಮಾಡಿ ಟೈಮ್‌ಟೇಬಲ್ಲಿನ ಗತಿ ಏನು ಅಂತ ವಿಚಾರಿಸಿದ. ಅಯ್ಯನಕೆರೆಯ ಕಲ್ಲು ಕಿಟಕಿಗೆ ಬಂದವು. ನೀರಿನ ಬಾಟಲಿಯ ವಿಷಯದಲ್ಲಿ ಗಂಡ ಹೆಂಡತಿ ನಡುವೆ ಮಾತುಕತೆ ಇನ್ನೂ ನಡೆಯುತ್ತಿದೆ. ಹಳೇ ಬಾಕಿ ಬಿಟ್ಟುಬಿಡು ಅಂತ ಮಗನನ್ನು ಕೇಳಿಕೊಂಡಿದ್ದಾನೆ. ಪುಟ್ಟ ಸಾಹುಕಾರರನ್ನು ವಿಚಾರಿಸಿ ಹೇಳ್ತೀನಿ ಅಂದಿದ್ದಾನೆ.