ರಾಜ್ಯಸಭೆಗೆ ಗೋಣಿಕೊಪ್ಪಲಿನಿಂದ ಒಂದು ಅರ್ಜಿ

ಮಾನ್ಯ ರಾಜ್ಯಸಭೆಯವರಿಗೆ,

ತೋಟದಲ್ಲಿ ಆನೆ ಬೀಡುಬಿಟ್ಟಿದೆ. ಕೆಲಸಕ್ಕೆ ಇಳಿಯುವಂತಿಲ್ಲ, ಬಿಡುವಿದೆ. ಅದಕ್ಕೇ ಈ ಪತ್ರ.

ನಮ್ಮ ನಿಮ್ಮ ಪರಿಚಯ ಹಳೆಯದು. 1952ರಲ್ಲಿ ನೀವು ಹುಟ್ಟಿದಾಗ ನಮ್ಮ ಕೊಡಗೇ ಒಂದು ರಾಜ್ಯ. ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ, 24 ಜನರ ವಿಧಾನಸಭೆ. ನಿಮ್ಮಲ್ಲಿ ನಮಗೂ ಜಾಗ ಕೊಟ್ಟಿರಿ, ಪೂರ್ತಿ ಅಲ್ಲ: ಒಂದೂವರೆ ಸಾವಿರ ಕಿಲೋಮೀಟರಿಗೂ ಆಚೆಯ ಅಜ್ಮೇರಿಗೂ ಕೊಡಗಿಗೂ ಸೇರಿ ಒಂದೇ ಸೀಟು! ಒಂಟೆಯ ಸೀಮೆಗೂ ಆನೆಯ ಸೀಮೆಗೂ ಏನು ನಂಟೋ, ದೆಹಲಿಗೇ ಗೊತ್ತು. 1956ರ ನವೆಂಬರ್ 1ರಂದು ನಾವು ಮೈಸೂರಿಗೆ ಸೇರಿದೆವು, ಅದೇ ದಿನ ಅಜ್ಮೇರ್ ರಾಜಸ್ಥಾನಕ್ಕೆ. ಅರ್ಧ ಸೀಟೂ ಹೋಯಿತು. ಈಗ ಕರ್ನಾಟಕಕ್ಕೆ ನಿಮ್ಮಲ್ಲಿ 12 ಸ್ಥಾನ. ಅವರನ್ನು ಆರಿಸುವ 224 ಶಾಸಕರಲ್ಲಿ ಕೊಡಗಿನವರು ಇಬ್ಬರು.

ಅದಿರಲಿ. 2003ರವರೆಗೆ ಅಭ್ಯರ್ಥಿ ಆಯಾ ರಾಜ್ಯದ ಮತದಾರನೇ ಆಗಿರಬೇಕಿತ್ತು. ಹೊರಗಿನ ದೊಡ್ಡವರು ಒಂದು ವಿಳಾಸ ಹುಡುಕಿ ಪಟ್ಟಿಯಲ್ಲಿ ಹೆಸರು ಬರೆಸುವ ಕಷ್ಟವನ್ನಾದರೂ ಪಡುತ್ತಿದ್ದರು. ಕಾನೂನು ತಿದ್ದಿ ಅದನ್ನೂ ತಪ್ಪಿಸಿದಿರಿ. ದೇಶದ ಯಾವ ಮೂಲೆಯ ಮತದಾರನಾದರೂ ಸರಿ ಎಂದಿರಿ. ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದ ಪತ್ರಕರ್ತ ಕುಲದೀಪ್ ನಯ್ಯರ್ 2006ರಲ್ಲಿ ಸೋತು, ಸುಪ್ರೀಂ ಕೋರ್ಟೂ ನಿಮ್ಮ ಪರವಾಯಿತು. ಆ ತಿದ್ದುಪಡಿಯಲ್ಲೇ ಗುಪ್ತ ಮತದಾನವೂ ಹೋಯಿತು. ಈಗ ಶಾಸಕ, ಶಾಲೆಯ ಮಗು ಮೇಷ್ಟ್ರಿಗೆ ಸ್ಲೇಟು ತೋರಿಸಿದ ಹಾಗೆ, ಪಕ್ಷದ ಏಜೆಂಟರಿಗೆ ಮತಪತ್ರ ತೋರಿಸಿಯೇ ಪೆಟ್ಟಿಗೆಗೆ ಹಾಕಬೇಕು.

ಆಂಧ್ರದ ವೆಂಕಯ್ಯ ನಾಯ್ಡು 1998ರಿಂದ ಮೂರು ಅವಧಿ ನಮ್ಮ ಪ್ರತಿನಿಧಿಯಾಗಿದ್ದರು, 2016ರಲ್ಲಿ ರಾಜಸ್ಥಾನದವರಾದರು. ದೆಹಲಿಯ ಅಜಯ್ ಮಾಕನ್ 2024ರಲ್ಲಿ ಕರ್ನಾಟಕದವರಾದರು. ಪಕ್ಷ ಬೇರೆ, ಪದ್ಧತಿ ಒಂದೇ. ನಾನು ದೂರುತ್ತಿಲ್ಲ ಸ್ವಾಮಿ, ದಾರಿ ಕೇಳುತ್ತಿದ್ದೇನೆ.

ಯಾಕೆಂದರೆ ನಾನೂ ಅಭ್ಯರ್ಥಿ. ದಯವಿಟ್ಟು ನನ್ನನ್ನು ರಾಜಸ್ಥಾನದಿಂದ ಆರಿಸಿ. ಅಜ್ಮೇರಿನವರು ನಮ್ಮ ಹಳೇ ಪಾಲುದಾರರು, ಅರ್ಧ ಸೀಟಿನ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ವಯಸ್ಸು 30 ದಾಟಿದೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ. ಮರುಭೂಮಿ ನೋಡಿಲ್ಲ, ರಾಜಸ್ಥಾನಿ ಬಾರದು; ಅದು ಅನರ್ಹತೆ ಎಂದು ಯಾವ ಕಾಯ್ದೆಯಲ್ಲೂ ಬರೆದಿಲ್ಲ. ಅಲ್ಲಿಯವರ ಪರವಾಗಿ ಕಾಳುಮೆಣಸಿನ ಬೆಲೆಯ ಬಗ್ಗೆ ಸದನದಲ್ಲಿ ಗಟ್ಟಿಯಾಗಿ ಮಾತಾಡುತ್ತೇನೆ.

ಇದು ತಮಾಷೆ ಅನ್ನಿಸಿದರೆ 2003ಕ್ಕೆ ಮುಂಚಿನ ನಿಯಮವನ್ನು ವಾಪಸು ತನ್ನಿ. ಕರ್ನಾಟಕದ 12 ಕುರ್ಚಿಗಳಲ್ಲಿ ಕರ್ನಾಟಕದಲ್ಲಿ ಓಟು ಹಾಕುವವರೇ ಕೂರಲಿ.

ಇತಿ,
ವಿರಾಜಪೇಟೆ ಕ್ಷೇತ್ರದ ಒಬ್ಬ ಮತದಾರ,
ಗೋಣಿಕೊಪ್ಪಲು