ಗಾಡಿ ಟ್ಯೂನಿಂಗ್ ಕೈಪಿಡಿ: ಕಬ್ಬಿನ ಸೀಮೆಯ ಆವೃತ್ತಿ

ಬೇಕಾಗುವ ಸಾಮಾನು: ಬೈಕು ಒಂದು, ಹಳೇ ಅರಿವಿ ಒಂದು, ತಾಳ್ಮೆ ಎರಡು ಸೇರು. ಸ್ಕ್ರೂಡ್ರೈವರ್ ಮನೆಯಲ್ಲೇ ಇಟ್ಟು ಬನ್ನಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದ ಮೇಲೆ ಹೊಸ ಗಾಡಿಗಳಿಂದ ಕಾರ್ಬ್ಯುರೇಟರ್ ಬಹುತೇಕ ಇಳಿದುಹೋಯಿತು. ಮಿಸ್ತ್ರಿ ಕಿವಿಗೊಟ್ಟು ಅರ್ಧ ಸುತ್ತು ತಿರುವುತ್ತಿದ್ದ ಸ್ಕ್ರೂ ಕೂಡ ಹೋಯಿತು. ಈಗ ಪೆಟ್ರೋಲ್ ಅಳೆದು ಚಿಮ್ಮಿಸುವ ಯಜಮಾನಿಕೆ ಇಸಿಯು ಎಂಬ ಡಬ್ಬಿಯದು.

ಹದ ಹೀಗೆ: ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ. ರೊಟ್ಟಿ ಹಿಟ್ಟಿಗೆ ಎಸರು ಹಾಕುವ ಲೆಕ್ಕವೇ. ಹೆಚ್ಚಾದರೆ ಕೈಗಂಟುತ್ತದೆ, ಕಡಿಮೆಯಾದರೆ ಬಡಿಯುವಾಗ ಅಂಚು ಸೀಳುತ್ತದೆ. ಪ್ಲಗ್ ಬಿಚ್ಚಿ ನೋಡಿ. ಮಸಿ ಹಿಡಿದಿದ್ದರೆ ಪೆಟ್ರೋಲ್ ಜಾಸ್ತಿ, ಬೂದಿಯಂತೆ ಬೆಳ್ಳಗಿದ್ದರೆ ಗಾಳಿ ಜಾಸ್ತಿ. ಚಹಾದ ಬಣ್ಣವಿದ್ದರೆ ಮತ್ತೆ ಕೂಡಿಸಿ ಸುಮ್ಮನಾಗಿ.

ಆದರೆ ಈ 14.7 ನಮ್ಮ ಸೀಮೆಯಲ್ಲಿ ನಿಲ್ಲುವುದಿಲ್ಲ, ಅದಕ್ಕೆ ನಾವೇ ಕಾರಣ. ಮುಧೋಳ, ಜಮಖಂಡಿಯ ಕಬ್ಬು ಟ್ರ್ಯಾಕ್ಟರ್ ಏರಿ ಕಾರ್ಖಾನೆಗೆ ಹೋಗುತ್ತದೆ. ರಸ, ಕಾಕಂಬಿ ಎಥನಾಲ್ ಆಗಿ ಪೆಟ್ರೋಲಿಗೆ ಬೆರೆಯುತ್ತವೆ. ಎಥನಾಲ್‌ಗೆ ಕಿಲೋಗೆ 9 ಕಿಲೋ ಗಾಳಿ ಸಾಕು. ಶೇಕಡಾ 20 ಬೆರೆತರೆ ಹದ 13.5ರ ಆಸುಪಾಸಿಗೆ ಇಳಿಯುತ್ತದೆ, ಅಷ್ಟೇ ಗಾಳಿಗೆ ಇಂಧನ ಹೆಚ್ಚು ಬೇಕಾಗುತ್ತದೆ. ತಾನು ಬೆಳೆದ ಕಬ್ಬನ್ನೇ ಬಂಕಿನಲ್ಲಿ ಲೀಟರ್ ಲೆಕ್ಕದಲ್ಲಿ ಕೊಂಡು, "ಮೈಲೇಜ್ ಬಿದ್ದೈತಿ ನೋಡ್ರಿ" ಎಂದು ಬೈಯುವ ಹಕ್ಕು ರೈತನಿಗೆ ಇದೆ.

ಬದಲಾದ ಹದವನ್ನು ಹಿಡಿಯುವುದು ಸೈಲೆನ್ಸರ್ ಪೈಪಿಗೆ ಸಿಕ್ಕಿಸಿದ ಆಕ್ಸಿಜನ್ ಸೆನ್ಸರ್. ಮುಧೋಳ ನಾಯಿ ಕಣ್ಣಿನಿಂದ ಬೇಟೆ ಹಿಡಿದರೆ ಇದು ಹೊಗೆ ಮೂಸಿ ಹಿಡಿಯುತ್ತದೆ, ಇಸಿಯುಗೆ ಚಾಡಿ ಹೇಳುತ್ತದೆ.

ಎಚ್ಚರಿಕೆ: ಗುಡುಗುವ ಸೈಲೆನ್ಸರ್ ಹಾಕಿಸಬೇಡಿ. ನನ್ನ ಅಕ್ಕನ ಮಗ ಹಾಕಿಸಿದ. ಪೈಪಿನ ಜೋಡಣೆಯಲ್ಲಿ ಕೂದಲೆಳೆಯಷ್ಟು ಸಂದು ಉಳಿಯಿತು, ಹೊರಗಿನ ಗಾಳಿ ಒಳಗೆ ನುಸುಳಿತು. ಸೆನ್ಸರ್ "ಗಾಳಿ ಜಾಸ್ತಿ" ಎಂದಿತು, ಡಬ್ಬಿ ನಂಬಿ ಪೆಟ್ರೋಲ್ ಸುರಿಯಿತು. ಬೀಳಗಿ ದಾರಿಯಲ್ಲಿ ಊರಿಗೆಲ್ಲ ಕೇಳುವಂತೆ ಗುಡುಗುತ್ತ ಹೋದವನು ಗಾಡಿ ತಳ್ಳಿಕೊಂಡು ಬಂದ.

ಕೊನೆಯದು ಏರ್ ಫಿಲ್ಟರ್. ರಬಕವಿ-ಬನಹಟ್ಟಿಯ ಮಗ್ಗದ ಓಣಿಯಲ್ಲಿ ನನ್ನ ಗಾಡಿಯದನ್ನು ಬಿಚ್ಚಿಸಿದಾಗ ಮಡಿಕೆ ಮಡಿಕೆಯಲ್ಲೂ ನೂಲಿನ ಅರಳೆ, ಅದರೊಳಗೆ ಒಣಗಿದ ಕಬ್ಬಿನ ರವದಿಯ ಚೂರು. ಹೊಸದು ಹಾಕಿದ ಮಿಸ್ತ್ರಿ, ಹಳೇ ಚಟಕ್ಕೆ ಇಂಜಿನ್‌ಗೆ ಕಿವಿ ಹಚ್ಚಿ, ಸ್ಕ್ರೂಡ್ರೈವರ್ ಹಿಡಿದು ಒಂದು ಗಳಿಗೆ ಹುಡುಕಾಡಿದ. ತಿರುವಲು ಏನೂ ಸಿಗದೆ ಅದರ ಹಿಡಿಕೆಯಿಂದ ಟ್ಯಾಂಕ್ ಮೇಲೆ ಎರಡು ಸಲ ಬಡಿದು ಅಂದ: "ಆತ್ರಿ, ಐವತ್ತು ಕೊಡ್ರಿ."